ಲಾಂಛನವೂ ಔಚಿತ್ಯವೂ: ಠಾಣೆ–ಕಲ್ಯಾಣ ಪರಿಸರದ ಉಡುಪನ್ನು ಕುರಿತು ಕೆಲವು ವಿಚಾರಗಳು

ಲಾಂಛನ ಎಂಬ ಪದಕ್ಕೆ ಕನ್ನಡದಲ್ಲಿ ದೀರ್ಘವಾದ ಇತಿಹಾಸವಿದೆ. ಜೈನ ಶಿಲ್ಪದಲ್ಲಿ ವೃಷಭನಾಥನನ್ನು ಎತ್ತಿನಿಂದ, ಪಾರ್ಶ್ವನಾಥನನ್ನು ಸರ್ಪದಿಂದ, ಮಹಾವೀರನನ್ನು ಸಿಂಹದಿಂದ ಗುರುತಿಸುವುದು ಲಾಂಛನದ ಬಲದಿಂದಲೇ. ಚಾಲುಕ್ಯರ ವರಾಹ, ರಾಷ್ಟ್ರಕೂಟರ ಗರುಡ, ಗಂಗರ ಗಜ ಇವು ತಾಮ್ರಪಟಗಳ ಮುದ್ರೆಗಳ ಮೇಲೆ ಉಳಿದುಬಂದ ಲಾಂಛನಗಳು. ವೀರಶೈವ ಸಾಹಿತ್ಯದಲ್ಲಿ ವಿಭೂತಿ ರುದ್ರಾಕ್ಷಿಗಳೇ ಮೊದಲಾದ ಶಿವಚಿಹ್ನೆಗಳಿಗೆ ಈ ಹೆಸರು ಸಲ್ಲುತ್ತದೆ. ಅವನ್ನು ಧರಿಸಿದವನು ಲಾಂಛನಧಾರಿ. ಇದೇ ಪದವನ್ನು ಇಂದಿನ ಪತ್ರಿಕೆಗಳು ವ್ಯಾಪಾರಿ ಸಂಸ್ಥೆಯ ಗುರುತಿಗೆ ಬಳಸುತ್ತಿವೆ. ಅಂಗಿಯ ಎದೆಯ ಮೇಲಿನ ಮೊಸಳೆಯೂ ಲಾಂಛನ, ತೀರ್ಥಂಕರನ ಪೀಠದ ಮೇಲಿನ ಸಿಂಹವೂ ಲಾಂಛನ. ಇದನ್ನು ಪತ್ರಿಕಾಭಾಷೆಯ ಅಜಾಗರೂಕತೆಯೆಂದು ತಳ್ಳಿಹಾಕಲು ನಾವೂ ಮೊದಲು ಸಿದ್ಧರಿದ್ದೆವು. ಡೊಂಬಿವಲಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದಾಗಿ ಈಗ ಹಾಗೆ ಮಾಡಲಾರೆವು.

ಅಲ್ಲಿಯ ಕನ್ನಡಿಗರ ಸಭೆಯೊಂದರಲ್ಲಿ ವಚನಗಳಲ್ಲಿ ವೇಷದ ಪ್ರಶ್ನೆಯನ್ನು ಕುರಿತು ಮಾತನಾಡಲು ನಮ್ಮನ್ನು ಕರೆದಿದ್ದರು. ಮುಂದಿನ ಸಾಲಿನಲ್ಲಿ ಇಪ್ಪತ್ತೈದರ ಆಸುಪಾಸಿನ ತರುಣರೊಬ್ಬರು ಕುಳಿತಿದ್ದರು. ಅವರ ಟೀ ಶರ್ಟಿನ ಮೇಲೆ ಅಂಗೈಯಗಲದ ಮೊಸಳೆ. ಉಪನ್ಯಾಸಕ್ಕೆ ಮೊದಲು ಪಕ್ಕದಲ್ಲಿದ್ದ ಮಿತ್ರರೊಡನೆ, ಆತ ಅಂಗಿಯನ್ನು ತೊಟ್ಟಿಲ್ಲ, ಅಂಗಿಯೇ ಆತನನ್ನು ತೊಟ್ಟಿದೆ ಎಂದು ನಾವು ಮೆಲ್ಲಗೆ ಆಡಿದೆವು. ಅದು ಸಾಕಷ್ಟು ಮೆಲ್ಲಗೆ ಇರಲಿಲ್ಲವೆಂಬುದು ಸಭೆ ಮುಗಿದ ಮೇಲೆ ತಿಳಿಯಿತು. ಆ ತರುಣರು ಹೇಳಿದ್ದನ್ನು ಮುಂದೆ ಉಲ್ಲೇಖಿಸುತ್ತೇವೆ. ಅದಕ್ಕೆ ಮೊದಲು ನಾವು ಆಡಿದ ಮಾತನ್ನು ಒಂದು ವಿಮರ್ಶಾವಾಕ್ಯವೆಂದೇ ತೆಗೆದುಕೊಂಡು, ಅದರ ಹಿಂದಿರುವ ಪ್ರಮಾಣಗಳು ಎಷ್ಟು ಗಟ್ಟಿಯೆಂದು ಪರೀಕ್ಷಿಸುವುದು ಉಚಿತ.

ಲಾಂಛನವು ಎದ್ದುಕಾಣುವ ಉಡುಪು ಅಭಿರುಚಿಗೆ ವಿರುದ್ಧವೆಂಬ ಪಕ್ಷಕ್ಕೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಬಲವಾದ ಆಧಾರ ದೊರೆಯುತ್ತದೆ. ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನು ಹೇಳುವಾಗ ಸ್ವಶಬ್ದವಾಚ್ಯತ್ವವನ್ನು ಮೊದಲಲ್ಲಿಯೇ ಎಣಿಸುತ್ತಾನೆ. ರಸವನ್ನಾಗಲಿ ಸ್ಥಾಯಿ ಸಂಚಾರಿಗಳನ್ನಾಗಲಿ ಅವುಗಳ ಹೆಸರನ್ನೇ ಹಿಡಿದು ಹೇಳಿಬಿಡುವುದು ಈ ದೋಷ. ನಾಚಿಕೆಯನ್ನು ಬಾಗಿದ ಮುಖದಿಂದ ತೋರಿಸಬೇಕೇ ಹೊರತು ‘ನಾಚಿದಳು’ ಎಂದರೆ ಸಾಲದು. ಉಡುಪಿಗೂ ಇದು ಹೊಂದುತ್ತದೆ. ಬಟ್ಟೆಯ ನೂಲು, ಕತ್ತರಿಕೆ, ಹೊಲಿಗೆ, ಬಣ್ಣಗಳ ಮೂಲಕ ಸೂಚಿತವಾಗಬೇಕಾದ ಸೊಗಸನ್ನು ಅಥವಾ ಸಂಪತ್ತನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರೆ ಅದು ಸ್ವಶಬ್ದವಾಚ್ಯವಲ್ಲದೆ ಮತ್ತೇನು? ಡೊಂಬಿವಲಿಯಲ್ಲಿ ನಾವು ಆಡಿದ ಕುಹಕದ ಹಿಂದೆ, ಒಪ್ಪಿಕೊಳ್ಳೋಣ, ಇದೇ ತರ್ಕವಿತ್ತು. ಮೂವತ್ತು ವರ್ಷ ಅಲಂಕಾರಶಾಸ್ತ್ರವನ್ನು ಪಾಠ ಹೇಳಿದವರಿಗೆ ಅದು ನಾಲಗೆಯ ತುದಿಯಲ್ಲಿಯೇ ಇರುತ್ತದೆ.

ಆದರೆ ಇದೇ ಶಾಸ್ತ್ರದಲ್ಲಿ ಇನ್ನೊಂದು ಮಾತೂ ಇದೆ. ಧ್ವನಿಯು ಸಹೃದಯನಿಗೆ ಮಾತ್ರ ಗೋಚರ. ಸಂಸ್ಕಾರವಿಲ್ಲದವನಿಗೆ ವ್ಯಂಗ್ಯಾರ್ಥವು ಇದ್ದೂ ಇಲ್ಲದಂತೆ. ಕಾವ್ಯದ ಮಟ್ಟಿಗೆ ಇದನ್ನು ನಾವು ತಕರಾರಿಲ್ಲದೆ ಒಪ್ಪುತ್ತೇವೆ. ಉಡುಪಿಗೆ ಅನ್ವಯಿಸಿದಾಗ ತೊಡಕು ಎದ್ದುಕಾಣುತ್ತದೆ. ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ರೈಲು ನಿಲ್ದಾಣಕ್ಕೆ ಹೊಂದಿಕೊಂಡೇ 2017ರಲ್ಲಿ ತೆರೆದ ದೊಡ್ಡ ಮಾಲ್ ಒಂದಿದೆ. ಅಲ್ಲಿ ಯಾವ ಗುರುತೂ ಇಲ್ಲದ ಲಿನನ್ ಅಂಗಿಗಳನ್ನು ಕಂಡೆವು. ಅವುಗಳಲ್ಲಿ ಕೆಲವಕ್ಕೆ ಲಾಂಛನವುಳ್ಳವುಗಳಿಗಿಂತ ಹೆಚ್ಚಿನ ಬೆಲೆ. ಅವುಗಳನ್ನು ತೊಟ್ಟವರು ಪರಸ್ಪರರನ್ನು ಗುರುತಿಸುತ್ತಾರೆ. ಕೊರಳಪಟ್ಟಿಯ ಬಾಗು, ಗುಂಡಿಯ ಚಿಪ್ಪು ಇಷ್ಟೇ ಅವರಿಗೆ ಸಾಕು. ಅಂದರೆ ಗುರುತು ಇಲ್ಲವೆಂದಲ್ಲ. ಅದು ವಾಚ್ಯದಿಂದ ವ್ಯಂಗ್ಯಕ್ಕೆ ಸರಿದಿದೆ. 2010ರಲ್ಲಿ ಅಮೆರಿಕೆಯ ‘ಜರ್ನಲ್ ಆಫ್ ಮಾರ್ಕೆಟಿಂಗ್’ ಪತ್ರಿಕೆಯಲ್ಲಿ ಹಾನ್, ನ್ಯೂನ್ಸ್, ಡ್ರೇಜ್ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನವು ಇದನ್ನು ಕೈಚೀಲಗಳ ಬೆಲೆಯನ್ನು ಪರಿಶೀಲಿಸಿ ತೋರಿಸಿತು: ಒಂದೇ ಸಂಸ್ಥೆಯ ಸರಕುಗಳಲ್ಲಿ ಗುರುತು ದೊಡ್ಡದಾದಷ್ಟೂ ಬೆಲೆ ಇಳಿಯುವ ಪ್ರವೃತ್ತಿ ಇದೆ. ಹೆಚ್ಚು ಹಣ ಕೊಡಬಲ್ಲವನು ಮೌನವನ್ನು ಕೊಳ್ಳುತ್ತಾನೆ. ಆ ಮೌನವನ್ನು ಸುಸಂಸ್ಕೃತವೆಂದೂ ಎದ್ದುಕಾಣುವ ಗುರುತನ್ನು ಅಸಂಸ್ಕೃತವೆಂದೂ ಕರೆಯುವಾಗ ನಾವು ಸೌಂದರ್ಯವನ್ನು ಅಳೆಯುತ್ತಿದ್ದೇವೆಯೇ, ಇಲ್ಲವೆ ಕೊಂಡವನ ಬೊಕ್ಕಸವನ್ನೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ವೆಬ್ಲೆನ್ 1899ರಲ್ಲಿ ವಿರಾಮವರ್ಗವನ್ನು ಕುರಿತು ಬರೆದ ಗ್ರಂಥದಲ್ಲಿ ಪ್ರದರ್ಶನದ ಅನುಭೋಗವನ್ನು ವಿವರಿಸಿದಾಗ ಅವನ ಗುರಿ ಶ್ರೀಮಂತರಾಗಿದ್ದರು. ಆ ಅಸ್ತ್ರವೇ ಈಗ ಕೆಳಗಿನವರತ್ತ ತಿರುಗಿದೆ.

ಇನ್ನು ಸ್ಥಳದ ವಿಚಾರ. ಠಾಣೆಯು ಉತ್ತರ ಕೊಂಕಣದ ಶಿಲಾಹಾರರ ಸ್ಥಾನಕ ಎಂಬುದು ಶಾಸನಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಮಳಖೇಡದ ರಾಷ್ಟ್ರಕೂಟರ ಮಾಂಡಲಿಕರಾಗಿ ಆರಂಭಿಸಿದ ಈ ವಂಶದವರ ಹೆಸರು ಅಮೋಘವರ್ಷನ ಕಾಲದ ಕಾನ್ಹೇರಿ ಗುಹಾಶಾಸನಗಳಲ್ಲಿ ಬರುತ್ತದೆ. ಕ್ರಿ.ಶ. 1017ರ ಅರಿಕೇಸರಿಯ ಠಾಣೆ ತಾಮ್ರಪಟವು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ವಿದ್ವಾಂಸರ ಕಣ್ಣಿಗೆ ಬಿದ್ದಿತ್ತು. ಈ ಅರಸರು ತಮ್ಮನ್ನು ‘ತಗರಪುರಪರಮೇಶ್ವರ’, ‘ಸುವರ್ಣಗರುಡಧ್ವಜ’ ಎಂದು ಕರೆದುಕೊಳ್ಳುತ್ತಿದ್ದರು. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಠಾಣೆಯಲ್ಲಿ ಕುಳಿತು ರಾಜ್ಯವಾಳಿದವರಿಗೆ ಅದು ಸ್ವಾಧೀನದಲ್ಲಿದ್ದ ನಗರವಲ್ಲ, ಎಂದೋ ಬಿಟ್ಟುಬಂದ ನಗರ ಅಥವಾ ಬಿಟ್ಟುಬಂದೆವೆಂದು ನಂಬಿದ ನಗರ. ಸವದತ್ತಿಯ ರಟ್ಟರು ಲಟ್ಟಲೂರಿನ ಹೆಸರನ್ನು ಹೊತ್ತದ್ದೂ ಗೋವೆಯ ಕದಂಬರು ಬನವಾಸಿಯ ಹೆಸರನ್ನು ಬಿಡದಿದ್ದದ್ದೂ ಇದೇ ಬಗೆ. ಗರುಡನ ವಿಚಾರವೂ ಸರಳವಲ್ಲ. ತಮ್ಮ ಮೂಲಪುರುಷನಾದ ಜೀಮೂತವಾಹನನ ಕಥೆಯಿಂದ ಗರುಡ ಬಂದನೆಂದು ಅವರು ಹೇಳಬಹುದು. ಆದರೆ ಅದೇ ಗರುಡನು ಅವರ ಒಡೆಯರ ಮುದ್ರೆಯ ಮೇಲೂ ಇದ್ದನು. ದೂರದ ಊರಿನ ಹೆಸರು, ಮೇಲಿನವರ ಗುರುತಿಗೆ ಹೊಂದುವ ಗುರುತು: ಮಾಂಡಲಿಕನಾದವನು ತನ್ನನ್ನು ತೋರಿಸಿಕೊಂಡದ್ದು ಹೀಗೆ. ಬಿರುದಾವಳಿಯನ್ನು ಓದುವಾಗ ಅದನ್ನು ಅಭಿರುಚಿಹೀನವೆಂದು ನಾವು ಯಾರೂ ಬರೆದಿಲ್ಲ. ಅದರಿಂದ ವಂಶಚರಿತ್ರೆಯನ್ನು ಬಿಡಿಸಿದ್ದೇವೆ, ಡಾಕ್ಟರೇಟುಗಳನ್ನೂ ಪಡೆದಿದ್ದೇವೆ.

ಈಗ ಅದೇ ಠಾಣೆ ಜಿಲ್ಲೆಯಲ್ಲಿ, ಕಲ್ಯಾಣಕ್ಕೆ ತಾಗಿಕೊಂಡಂತೆ, ಉಲ್ಹಾಸನಗರವಿದೆ. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರವು ದೇಶವಿಭಜನೆಯ ತರುವಾಯ ಸಿಂಧದಿಂದ ಬಂದ ನಿರಾಶ್ರಿತರ ನೆಲೆಯಾಯಿತು. 1949ರಲ್ಲಿ ಅದಕ್ಕೆ ಈ ಹೆಸರು ಬಂದಿತು. ಇಂದಿಗೂ ಅಲ್ಲಿಯ ವಿಳಾಸಗಳು ಒಂದರಿಂದ ಐದರವರೆಗಿನ ಕ್ಯಾಂಪುಗಳ ಸಂಖ್ಯೆಯಿಂದಲೇ ನಡೆಯುತ್ತವೆ. ಜೀನ್ಸ್ ಹೊಲಿಗೆಗೆ ಈ ಊರು ಹೆಸರಾಯಿತು. ಬಟ್ಟೆಗೆ ಹಳತಿನ ಮಸುಕು ತರಿಸುವ ತೊಳೆಯುವ ಘಟಕಗಳ ನೀರಿನಿಂದ ವಾಲ್ಧುನಿ ನದಿ ಕೆಟ್ಟ ವಿಚಾರ ನ್ಯಾಯಾಲಯದವರೆಗೆ ಹೋಯಿತು. ಊರಿಗೆ ಇನ್ನೊಂದು ಖ್ಯಾತಿಯೂ ಅಂಟಿಕೊಂಡಿದೆ. ಪರದೇಶದ ಹೆಸರು ಹೊತ್ತ ಸರಕು ಇಲ್ಲಿಯೇ ತಯಾರಾಗುತ್ತದೆಂದೂ, ‘ಮೇಡ್ ಇನ್ ಯು.ಎಸ್.ಎ.’ ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಶನ್ ಎಂದೂ ಮುಂಬಯಿಯ ಹಳೆಯ ವಿನೋದ. ವಿನೋದವು ಒಂದು ಸಮುದಾಯವನ್ನು ಚುಚ್ಚುತ್ತದೆಂಬುದು ನಿಜ. ಆದರೆ ಊರು ಕಳೆದುಕೊಂಡು ಬಂದವರು ದೂರದ ಊರಿನ ಹೆಸರನ್ನು ಸರಕಿನ ಮೇಲೆ ಬರೆದರೆಂಬ ಈ ಮಾತಿನಲ್ಲಿ, ತಗರಪುರದ ಬಿರುದನ್ನು ನೆನೆದಾಗ, ನಗೆಗಿಂತ ಹೆಚ್ಚಿನದು ಇದೆ. ಕಾನೂನಿನ ದೃಷ್ಟಿಯಿಂದ ಇನ್ನೊಬ್ಬರ ಗುರುತನ್ನು ಖೊಟ್ಟಿಯಾಗಿ ಹಾಕುವುದು 1999ರ ವ್ಯಾಪಾರಚಿಹ್ನೆ ಅಧಿನಿಯಮದಂತೆ ಸೆರೆವಾಸಕ್ಕೆ ಅರ್ಹವಾದ ಅಪರಾಧ. ಅದನ್ನು ನಾವು ಸಮರ್ಥಿಸುತ್ತಿಲ್ಲ. ಗಂಗರ ಹೆಸರಿನಲ್ಲಿ ಹುಟ್ಟಿದ ಕೂಟಶಾಸನಗಳನ್ನು ಫ್ಲೀಟರು ಬಯಲಿಗೆಳೆದರು. ಆದರೂ ಕೂಟಶಾಸನವನ್ನು ಯಾರು ಬರೆಸಿದರು, ಯಾವ ಭೂಮಿಗಾಗಿ, ಯಾವ ಭಯದಿಂದ ಎಂಬ ಪ್ರಶ್ನೆಯನ್ನು ಇತಿಹಾಸಕಾರ ಬಿಡುವುದಿಲ್ಲ.

ಇಲ್ಲಿ ವಚನಸಾಹಿತ್ಯವನ್ನು ಮರಳಿ ನೋಡಬೇಕು. ವೇಷಕ್ಕೂ ಆಚಾರಕ್ಕೂ ಇರುವ ಬಿರುಕನ್ನು ಶರಣರಷ್ಟು ಕಟುವಾಗಿ ಕಂಡವರು ವಿರಳ. ಲಾಂಛನವನ್ನು ಹೊತ್ತು ಹೊಟ್ಟೆಹೊರೆಯುವವರನ್ನು ಅವರು ಬಿಟ್ಟುಕೊಡಲಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮನ ಮುಂದೆ ನಿಂತ ಅಕ್ಕಮಹಾದೇವಿಗೆ ಉಡುಪನ್ನು ಬಿಟ್ಟದ್ದೂ ಸಾಲದು. ಕೂದಲಿನ ಮರೆ ಏಕೆಂಬ ಪ್ರಶ್ನೆಗೂ ಉತ್ತರಿಸಬೇಕಾಯಿತು. ನಮ್ಮ ಡೊಂಬಿವಲಿಯ ಉಪನ್ಯಾಸದ ಹೂರಣ ಇದೇ ಆಗಿತ್ತು. ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಎಳೆ ಸಮನಾಗಿ ಹರಿಯುತ್ತದೆ. ಲಾಂಛನವನ್ನು ಕಂಡೊಡನೆ ಶರಣೆನ್ನಬೇಕು, ಹೊತ್ತವನ ಯೋಗ್ಯತೆಯನ್ನು ಅಳೆಯುವುದು ನನ್ನ ಕೆಲಸವಲ್ಲ ಎಂಬ ನಿಲುವು ಅದು. ಬಸವಪುರಾಣ ಪರಂಪರೆಯ ಪ್ರಸಿದ್ಧ ಪ್ರಸಂಗವೊಂದರಲ್ಲಿ ಲಿಂಗವಿಲ್ಲದವರು ಬಟ್ಟೆಯಲ್ಲಿ ಬದನೆಕಾಯಿಗಳನ್ನು ಸುತ್ತಿ ಕೊರಳಿಗೆ ಕಟ್ಟಿಕೊಂಡು ಬಸವಣ್ಣನ ಮನೆಗೆ ಬರುತ್ತಾರೆ. ಅವನು ಭಕ್ತಿಯಿಂದ ನಮಸ್ಕರಿಸಲು ಬದನೆಕಾಯಿಗಳು ಲಿಂಗಗಳಾಗುತ್ತವೆ. ಇದನ್ನು ಪವಾಡವೆಂದು ಬದಿಗಿಟ್ಟರೂ ಕಥೆಯ ಅರ್ಥ ಉಳಿಯುತ್ತದೆ. ಖೊಟ್ಟಿ ಗುರುತನ್ನು ನಿಜಮಾಡುವ ಶಕ್ತಿ ಹೊತ್ತವನಲ್ಲಿ ಇರಲಿಲ್ಲ, ನೋಡಿದವನಲ್ಲಿತ್ತು. ಬಸವಣ್ಣನು ಆ ಬದನೆಕಾಯಿಗಳನ್ನು ನೋಡಿ ಪಕ್ಕದವರೊಡನೆ ಮೆಲ್ಲಗೆ ಒಂದು ಚಾಟೂಕ್ತಿ ಆಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ಆ ತರುಣರ ಮಾತಿಗೆ ಬರೋಣ. ಸಭೆಯ ಬಳಿಕ ಚಹಾದ ಹೊತ್ತಿನಲ್ಲಿ ಅವರೇ ಹತ್ತಿರ ಬಂದರು. ಐರೋಲಿಯ ಕಚೇರಿಯೊಂದರಲ್ಲಿ ರಾತ್ರಿಪಾಳಿಯ ಕೆಲಸ. ಮೂಲ ಕುಂದಾಪುರದ ಕಡೆ. ಸಿಟ್ಟು ತೋರಿಸಲಿಲ್ಲ. ‘ಸರ್, ನೀವು ಹೇಳಿದ್ದು ಕೇಳಿಸಿತು. ನಮ್ಮ ಅಪ್ಪಯ್ಯ ಕಲ್ಯಾಣದ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಇದ್ದರು. ಅವರ ಅಂಗಿಯ ಕಿಸೆಯ ಮೇಲೆ ಹೋಟೆಲಿನ ಹೆಸರು ಕೆಂಪು ನೂಲಿನಲ್ಲಿ ಇರುತ್ತಿತ್ತು. ಅದನ್ನು ಯಾರೂ ಅಭಿರುಚಿ ಇಲ್ಲ ಅನ್ನಲಿಲ್ಲ. ಅದು ಅವರು ಆರಿಸಿಕೊಂಡದ್ದಲ್ಲ. ಇದು ನಾನು ಆರಿಸಿಕೊಂಡದ್ದು’ ಎಂದರು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಹೊರನಾಡ ಕನ್ನಡಿಗರ ಸಾಮಾಜಿಕ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಕರಾವಳಿಯಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ಹುಡುಗರನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಅವರು ತೊಟ್ಟ ಅಂಗಿಯನ್ನು ಕುರಿತು ಬರೆದದ್ದು ಕಡಿಮೆ. ಮಾಣಿಯ ಸಮವಸ್ತ್ರದ ಮೇಲೆ ಧಣಿಯ ಹೆಸರು, ಕಾವಲುಗಾರನ ತೋಳಿನ ಮೇಲೆ ಏಜೆನ್ಸಿಯ ಹೆಸರು, ಮನೆಮನೆಗೆ ಊಟ ಮುಟ್ಟಿಸುವ ಇಂದಿನ ಹುಡುಗನ ಬೆನ್ನಿನ ಮೇಲೆ ಕಂಪನಿಯ ಹೆಸರು: ಮುಂಜಾನೆಯ ಕಲ್ಯಾಣ ಲೋಕಲಿನಲ್ಲಿ ಇವು ನೂರಾರು ಕಾಣಸಿಗುತ್ತವೆ. ಇವುಗಳಷ್ಟು ದೊಡ್ಡ ಲಾಂಛನಗಳು ಬೇರೆಲ್ಲೂ ಇಲ್ಲ. ಆದರೆ ಅಭಿರುಚಿಯ ಚರ್ಚೆಯಲ್ಲಿ ಇವು ಬರುವುದೇ ಇಲ್ಲ. ಹೊರಿಸಿದ ಗುರುತು ನಮ್ಮ ಕಣ್ಣಿಗೆ ಚುಚ್ಚುವುದಿಲ್ಲ. ದುಡಿದವನ ಮಗ ತಾನಾಗಿ ಹೊತ್ತ ಗುರುತು ಚುಚ್ಚುತ್ತದೆ. ಹೀಗಿರುವಾಗ ನಮ್ಮ ತೀರ್ಪು ಗುರುತಿನ ಅಳತೆಯನ್ನು ಕುರಿತದ್ದಾಗಿರಲು ಸಾಧ್ಯವಿಲ್ಲ. ಅದು ಮನುಷ್ಯನ ಅಳತೆಯನ್ನು ಕುರಿತದ್ದು, ಮತ್ತು ಸಭ್ಯವಾದುದಲ್ಲ.

ಇಷ್ಟರಿಂದ ಅಂಗೈಯಗಲದ ಮೊಸಳೆ ಸುಂದರವೆಂದು ಸಿದ್ಧವಾಗುವುದಿಲ್ಲ. ನಮಗೆ ಈಗಲೂ ಅದು ಸೊಗಸಾಗಿ ಕಾಣುವುದಿಲ್ಲ, ಮತ್ತು ಸಾವಿನ ಮನೆಗೆ ಅದನ್ನು ತೊಟ್ಟುಬಂದರೆ ಕ್ಷೇಮೇಂದ್ರನ ಔಚಿತ್ಯವಿಚಾರಕ್ಕೆ ಖಂಡಿತ ವಿರೋಧ. ಔಚಿತ್ಯವು ದೇಶ, ಕಾಲ, ಅವಸ್ಥೆಗಳನ್ನು ನೋಡುತ್ತದೆ. ವಸ್ತುವನ್ನು ಬಿಡಿಯಾಗಿ ನೋಡುವುದಿಲ್ಲ. ಲಾಕೋಸ್ಟ್ ಎಂಬ ಫ್ರೆಂಚ್ ಟೆನಿಸ್ ಆಟಗಾರ ತನ್ನ ಅಡ್ಡಹೆಸರಾದ ಮೊಸಳೆಯನ್ನು ಉಡುಪಿನ ಮೇಲೆ ಹಾಕಿಸಿಕೊಂಡಾಗ ಅದು ಅವನದೇ ಅಂಕಿತವಾಗಿತ್ತು. 1933ರಲ್ಲಿ ಅವನು ಪಾಲುದಾರನೊಡನೆ ಸಂಸ್ಥೆ ಹೂಡಿ ಅದನ್ನು ಮಾರಾಟಕ್ಕಿಟ್ಟ ಕ್ಷಣದಿಂದ ಅಂಕಿತವು ಒಬ್ಬನದು, ಎದೆ ಇನ್ನೊಬ್ಬನದು ಎಂಬ ವಿಚಿತ್ರ ಸ್ಥಿತಿ ಹುಟ್ಟಿತು. ಹಣ ತೆತ್ತು ಇನ್ನೊಬ್ಬರ ಜಾಹೀರಾತನ್ನು ಹೊರುವುದು ಎಂದು ಇದನ್ನು ಹೀಗಳೆಯುವವರುಂಟು. ಆ ಮಾತಿನಲ್ಲಿ ಹುರುಳಿದೆ. ಖಾದಿಯೂ ಒಂದು ಕಾಲಕ್ಕೆ ಅಕ್ಷರವಿಲ್ಲದ ಲಾಂಛನವೇ ಆಗಿತ್ತು, ಮತ್ತು ಅದನ್ನು ತೊಟ್ಟವರೆಲ್ಲ ನೂತವರಾಗಿರಲಿಲ್ಲ. ಇಂದು ಖಾದಿ ಎಂಬ ಹೆಸರೇ ಖಾದಿ ಆಯೋಗದ ನೋಂದಾಯಿತ ಚಿಹ್ನೆ; ಅದರ ಬಳಕೆಯ ಬಗ್ಗೆ 2018ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯವೂ ನಡೆಯಿತು.

ನಮ್ಮ ನಿಜವಾದ ತಕರಾರು ಬೇರೆ ಕಡೆ ಇದೆ. ವಚನಕಾರರ ಹೆಸರುಗಳನ್ನು ಗಮನಿಸಿ: ಜೇಡರ ದಾಸಿಮಯ್ಯ, ಮಡಿವಾಳ ಮಾಚಯ್ಯ, ಸೂಜಿಕಾಯಕದ ರಾಮಿತಂದೆ. ನೇಯ್ದವನು, ಒಗೆದವನು, ಹೊಲಿದವನು ಮೂವರೂ ತಮ್ಮ ಕಾಯಕದೊಡನೆ ಸಾಹಿತ್ಯಚರಿತ್ರೆಯಲ್ಲಿ ನಿಂತಿದ್ದಾರೆ. ಬಟ್ಟೆಯ ಇಡೀ ಬಾಳು ಆ ಹೆಸರುಗಳಲ್ಲಿದೆ. ಭಿವಂಡಿಯ ಮಗ್ಗದಿಂದ ಉಲ್ಹಾಸನಗರದ ಸೂಜಿಗೆ, ಅಲ್ಲಿಂದ ತೊಳೆಯುವ ತೊಟ್ಟಿಗೆ ಹೋಗುವ ಬಟ್ಟೆಯ ಮೇಲೆ ಈ ಮೂವರಲ್ಲಿ ಒಬ್ಬನ ಹೆಸರೂ ಇಲ್ಲ. ಅಸಲಿ ಸರಕಿನ ಮೇಲೂ ಇಲ್ಲ ಎಂಬುದನ್ನು ಮರೆಯಬಾರದು. ಅಸಲಿಗೂ ನಕಲಿಗೂ ಇರುವ ವ್ಯತ್ಯಾಸ ಯಾರ ಹೆಸರು ಹಾಕಲು ಯಾರಿಗೆ ಹಕ್ಕಿದೆ ಎಂಬಷ್ಟೇ. ಹೊಲಿದವನ ಹೆಸರಿನ ವಿಷಯದಲ್ಲಿ ಎರಡೂ ಸಮಾನ. ದಾಸಿಮಯ್ಯನ ‘ರಾಮನಾಥ’ವೂ ದೇವರ ಹೆಸರೇ ಹೊರತು ಅವನ ಹೆಸರಲ್ಲ ಎಂದು ಇಲ್ಲಿ ಯಾರಾದರೂ ಆಕ್ಷೇಪಿಸಬಹುದು. ಸರಿ; ಆದರೆ ಆ ಅಂಕಿತವನ್ನು ಆರಿಸಿದವನು ಅವನು, ಮತ್ತು ಅದನ್ನು ಕೇಳಿದೊಡನೆ ನೆನಪಾಗುವವನೂ ಅವನೇ.

ಗ್ರಂಥಸಂಪಾದನೆಯಲ್ಲಿ ನಾವು ಅಂಕಿತವನ್ನು ಮಾತ್ರ ನಂಬುವುದಿಲ್ಲ. ಬಸವಣ್ಣನ ಅಂಕಿತವಿದ್ದ ಮಾತ್ರಕ್ಕೆ ವಚನ ಬಸವಣ್ಣನದಾಗುವುದಿಲ್ಲ, ಪ್ರಕ್ಷಿಪ್ತಗಳು ಹೇರಳವಾಗಿವೆ. ಭಾಷೆಯ ನಡೆ, ಪದಗಳ ಹೆಣಿಗೆ, ಪ್ರತಿಗಳ ಸಾಕ್ಷ್ಯ ಇವನ್ನು ನೋಡಿ ನಿರ್ಣಯಿಸುತ್ತೇವೆ. ಉಡುಪನ್ನು ಓದುವಾಗ ಮಾತ್ರ ಎದೆಯ ಮೇಲಿನ ಅಂಕಿತದಲ್ಲಿಯೇ ನಿಂತುಬಿಡುತ್ತೇವೆ. ಮೆಚ್ಚುವವನೂ ಅಲ್ಲಿಯೇ ನಿಲ್ಲುತ್ತಾನೆ, ಹಳಿಯುವವನೂ ಅಲ್ಲಿಯೇ ನಿಲ್ಲುತ್ತಾನೆ. ಮೈಸೂರು ರೇಷ್ಮೆಯ ಸೀರೆಯನ್ನು ಕೊಳ್ಳುವ ಗೃಹಿಣಿ ಅಂಚನ್ನು ತಿರುವಿ, ಒಳಗಿನ ಗುರುತಿನ ಸಂಖ್ಯೆಯನ್ನು ನೋಡಿ, ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡುತ್ತಾಳೆ. ಈ ವಿಷಯದಲ್ಲಿ ಆಕೆ ನಮಗಿಂತ ಒಳ್ಳೆಯ ಸಂಪಾದಕಿ.

ಆ ಸಂಜೆ ನಾವು ತರುಣರ ಕ್ಷಮೆ ಕೇಳಿದೆವು. ಅವರು ನಕ್ಕು, ‘ಇದು ಯು.ಎಸ್.ಎ. ಮಾಲು ಸರ್. ಕ್ಯಾಂಪಿನದು’ ಎಂದರು. ಅಸಲಿಯಲ್ಲವೆಂದು ಅವರಿಗೆ ಗೊತ್ತಿತ್ತು, ಮುಚ್ಚಿಡುವ ಉದ್ದೇಶವೂ ಇರಲಿಲ್ಲ. ಮುಚ್ಚಿಡುವವನೆಂದು ಭಾವಿಸಿದ್ದು ನಾವು. ಬಳಿಕ ಅಂಗಿಯ ಕೆಳಅಂಚನ್ನು ಮಡಚಿ ಒಳಬದಿಯನ್ನು ತೋರಿಸಿದರು. ‘ಮೂರು ವರ್ಷ ಆಯಿತು. ಒಂದು ನೂಲೂ ಬಿಟ್ಟಿಲ್ಲ, ನೋಡಿ.’ ಎರಡು ಸಾಲಿನ ಹೊಲಿಗೆ, ಎಲ್ಲಿಯೂ ಓರೆಯಾಗಿರಲಿಲ್ಲ. ಕೊರಳಿನ ಒಳಗೆ ಲೇಬಲ್ ಇರಬೇಕಾದ ಕಡೆ ಏನೂ ಇರಲಿಲ್ಲ. ಕತ್ತರಿಸಿ ತೆಗೆದ ಗುರುತಾಗಿ ಬಿಳಿಯ ನೂಲಿನ ಎರಡು ತುದಿಗಳು ಮಾತ್ರ ಉಳಿದಿದ್ದವು. ಹೊಲಿದವರು ಯಾರೆಂದು ಕೇಳಿದೆವು. ಅದು ಅವರಿಗೂ ಗೊತ್ತಿರಲಿಲ್ಲ.